ಬೇಸಿಗೆಯ ಕೊನೆಯ ದಿನಗಳಲ್ಲಿ ಅಂಗಳದ ಹೂದೋಟ



ಪರೀಕ್ಷೆ ಮುಗಿದು ರಜೆ ಬಂತೆಂದರೆ ಮನೆಯಲ್ಲಿ ನಿಮಗೊಂದು ಕೆಲಸ ಕಾದಿರುತ್ತದೆ. "ಇನ್ನು ಗಿಡಗಳಿಗೆ ನೀರು ಹಾಕುವುದು ನಿನ್ನ ಪಾಲು" ಎಂದು ಅಜ್ಜಿಯೋ ತಾಯಿಯೋ ಹೇಳಿಬಿಡುತ್ತಾರೆ. ಸುಲಭದ ಕೆಲಸವೆಂದು ನೀವೂ ಒಪ್ಪಿಕೊಳ್ಳುತ್ತೀರಿ. ಆದರೆ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಒಂದು ಪುಟ್ಟ ಹೂದೋಟವನ್ನು ಉಳಿಸಿಕೊಳ್ಳುವುದು ನೀವು ತರಗತಿಯಲ್ಲಿ ಕಲಿತ ಭೌತಶಾಸ್ತ್ರ, ಸಸ್ಯಶಾಸ್ತ್ರ ಮತ್ತು ಗಣಿತ ಮೂರನ್ನೂ ಒಟ್ಟಿಗೆ ಪರೀಕ್ಷೆಗೆ ಒಡ್ಡುವ ಕೆಲಸ. ಪರದೆಯ ಮೇಲೆ ಗಿಡ ಬಾಡುವುದನ್ನೂ ಚೇತರಿಸಿಕೊಳ್ಳುವುದನ್ನೂ ತೋರಿಸಬಹುದು. ಬೆರಳನ್ನು ಮಣ್ಣಿಗೆ ಇಳಿಸಿ ನೋಡಬೇಕಾದವರು ಮಾತ್ರ ನೀವೇ. ಈ ಲೇಖನ ಅದಕ್ಕೊಂದು ಕೈಪಿಡಿ.

ಮೈಸೂರಿನ ಚಾಮರಾಜಪುರಂನಲ್ಲಿ ಒಂದು ಹಳೆಯ ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಮುಂದೆ ಕಾಂಪೌಂಡು, ಗೇಟಿನ ಪಕ್ಕ ಮಲ್ಲಿಗೆಯ ಪೊದೆ, ಗೋಡೆಗುಂಟ ದಾಸವಾಳ ಮತ್ತು ನಂದಿಬಟ್ಟಲು, ಮೆಟ್ಟಿಲ ಮೇಲೆ ಕುಂಡಗಳಲ್ಲಿ ಗುಲಾಬಿ, ಕನಕಾಂಬರ, ಸೇವಂತಿಗೆ. ಮಧ್ಯಾಹ್ನ ಎರಡು ಗಂಟೆ. ದೂರದಲ್ಲಿ ಚಾಮರಾಜನಗರದ ಕಡೆಗೆ ಹೋಗುವ ರೈಲು ನಿಲ್ದಾಣ ಬಿಟ್ಟ ಸದ್ದು. ಹೊರಗೆ ಬಂದು ನೋಡಿದರೆ ದಾಸವಾಳದ ಎಲೆಗಳೆಲ್ಲ ಜೋತುಬಿದ್ದಿವೆ. ಅಯ್ಯೋ ಪಾಪ ಎನಿಸುತ್ತದೆ. ಓಡಿಹೋಗಿ ನಲ್ಲಿಗೆ ಪೈಪು ಸಿಕ್ಕಿಸಿ ಗಿಡದ ನೆತ್ತಿಯ ಮೇಲೆ ನೀರು ಸುರಿಯುತ್ತೀರಿ.

ಸ್ವಲ್ಪ ತಾಳಿ. ಆ ಗಿಡಕ್ಕೆ ನಿಜವಾಗಿಯೂ ನೀರು ಬೇಕಾಗಿದೆಯೆ? ಬೇಕಾಗಿದ್ದರೆ ಎಷ್ಟು, ಎಲ್ಲಿಗೆ, ಯಾವಾಗ? ಈ ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಸುರಿದ ನೀರಿನಿಂದ ಗಿಡಕ್ಕೂ ಲಾಭವಿಲ್ಲ, ಊರಿಗೂ ಲಾಭವಿಲ್ಲ.

ಎಲೆಯೂ ಒಂದು ಮಣ್ಣಿನ ಹೂಜಿ

ಬೇಸಿಗೆಯಲ್ಲಿ ಮನೆಯ ಮೂಲೆಯಲ್ಲಿ ಮರಳಿನ ಮೇಲೆ ಕೂಡಿಸಿದ ಮಣ್ಣಿನ ಹೂಜಿಯ ನೀರು ತಣ್ಣಗಿರುತ್ತದೆ. ಏಕೆಂದು ನಿಮಗೆ ಗೊತ್ತು. ಹೂಜಿಯ ಸಣ್ಣ ರಂಧ್ರಗಳ ಮೂಲಕ ನೀರು ಹೊರಗೆ ಜಿನುಗಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖವನ್ನು ಅದು ಹೂಜಿಯಿಂದಲೇ ಸೆಳೆದುಕೊಳ್ಳುತ್ತದೆ.

ಎಲೆಯೂ ಮಾಡುವುದು ಇದನ್ನೇ. ಎಲೆಯ ಅಡಿಭಾಗದಲ್ಲಿ ಹೆಚ್ಚಾಗಿ ಇರುವ ಪತ್ರರಂಧ್ರಗಳ ಮೂಲಕ ನೀರು ಆವಿಯಾಗಿ ಹೊರಬೀಳುತ್ತದೆ. ಇದಕ್ಕೆ ಬಾಷ್ಪವಿಸರ್ಜನೆ ಎಂದು ಹೆಸರು. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95 ಭಾಗಕ್ಕೂ ಹೆಚ್ಚು ಹೀಗೆ ಗಾಳಿಗೆ ಹೋಗುತ್ತದೆ. ಗಿಡದ ಮೈಯಲ್ಲಿ ಉಳಿಯುವುದು ಅತ್ಯಲ್ಪ. ಇದು ದುಂದುವೆಚ್ಚವೆಂದು ತೋರಬಹುದು. ಆದರೆ ಈ ಆವಿಯೇ ಎಲೆಯನ್ನು ತಂಪಾಗಿಡುತ್ತದೆ, ಬೇರಿನಿಂದ ನೀರನ್ನೂ ಲವಣಗಳನ್ನೂ ಮೇಲಕ್ಕೆ ಸೆಳೆಯುತ್ತದೆ.

ಬೇಸಿಗೆಯಲ್ಲಿ ಈ ವೆಚ್ಚ ಎಷ್ಟು ಹೆಚ್ಚುತ್ತದೆ? ಒಂದು ಸಣ್ಣ ಲೆಕ್ಕ ಮಾಡೋಣ. ಬೆಳಗಿನ ಜಾವ ಮೈಸೂರಿನ ಉಷ್ಣತೆ 22 ಡಿಗ್ರಿ ಸೆಲ್ಸಿಯಸ್ ಇದೆ ಎಂದಿಟ್ಟುಕೊಳ್ಳಿ. ಆ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 19 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಅದರಲ್ಲಿ ಆಗಲೇ 15 ಗ್ರಾಂ ಇದ್ದರೆ ಇನ್ನು 4 ಗ್ರಾಂಗೆ ಮಾತ್ರ ಜಾಗ. ಮಧ್ಯಾಹ್ನ ಉಷ್ಣತೆ 35 ಡಿಗ್ರಿಗೆ ಏರಿತು. ಈಗ ಅದೇ ಗಾಳಿ ಸುಮಾರು 40 ಗ್ರಾಂ ಹಿಡಿಯಬಲ್ಲದು. ಇರುವುದು ಅದೇ 15 ಗ್ರಾಂ; ಅಂದರೆ 25 ಗ್ರಾಂಗೆ ಜಾಗವಿದೆ. ಉಷ್ಣತೆ ಇಷ್ಟು ಏರಿದರೆ ಗಾಳಿಯ ಬಾಯಾರಿಕೆ ಸುಮಾರು ಆರು ಪಟ್ಟಾಯಿತು! ಗಿಡ ಎದುರಿಸಬೇಕಾದದ್ದು ಈ ಬಾಯಾರಿಕೆಯನ್ನು.

ಗಿಡ ಕಳೆದುಕೊಳ್ಳುವ ನೀರನ್ನು ಮೊದಲಬಾರಿಗೆ ಎಚ್ಚರಿಕೆಯಿಂದ ತೂಗಿ ನೋಡಿದವರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಪ್ರಮುಖರು. 1724ರ ಬೇಸಿಗೆಯಲ್ಲಿ ಅವರು ಮೂರೂವರೆ ಅಡಿ ಎತ್ತರದ ಒಂದು ಸೂರ್ಯಕಾಂತಿ ಗಿಡವನ್ನು ಕುಂಡದಲ್ಲಿಟ್ಟು, ಮಣ್ಣಿನಿಂದ ನೀರು ಆರದಂತೆ ತೆಳುವಾದ ಸೀಸದ ತಗಡಿನಿಂದ ಮುಚ್ಚಿ, ಹಲವು ದಿನ ಬೆಳಿಗ್ಗೆ ಸಂಜೆ ತೂಗಿದರು. ಆ ಒಂದು ಗಿಡ ಹಗಲಿನ ಹನ್ನೆರಡು ಗಂಟೆಗಳಲ್ಲಿ ಸರಾಸರಿ ಅರ್ಧ ಕಿಲೋಗ್ರಾಂಗಿಂತ ಹೆಚ್ಚು ನೀರನ್ನು ಗಾಳಿಗೆ ಬಿಡುತ್ತಿತ್ತು. 1727ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಇಂಗ್ಲೆಂಡಿನ ತಂಪು ಬೇಸಿಗೆಯಲ್ಲಿಯೇ ಹೀಗಾದರೆ ನಮ್ಮ ಬಿಸಿಲಿನ ಮಾತೇನು?

ಬಾಡುವುದರಲ್ಲಿ ಎರಡು ಬಗೆ

ಈಗ ಮಧ್ಯಾಹ್ನದ ಆ ದಾಸವಾಳಕ್ಕೆ ಹಿಂತಿರುಗೋಣ. ಎಲೆಗಳು ಜೋತುಬೀಳಲು ಎರಡು ಕಾರಣಗಳಿರಬಹುದು. ಒಂದು, ಮಣ್ಣಿನಲ್ಲಿ ನೀರಿಲ್ಲ. ಇನ್ನೊಂದು, ಮಣ್ಣಿನಲ್ಲಿ ನೀರಿದೆ, ಆದರೆ ಎಲೆ ಕಳೆದುಕೊಳ್ಳುವಷ್ಟು ವೇಗವಾಗಿ ಬೇರು ಅದನ್ನು ಮೇಲಕ್ಕೆ ಕಳುಹಿಸಲಾರದು. ಎರಡನೆಯದು ತಾತ್ಕಾಲಿಕ ಬಾಡುವಿಕೆ. ಇಂತಹ ಹೊತ್ತಿನಲ್ಲಿ ಗಿಡ ಪತ್ರರಂಧ್ರಗಳನ್ನು ಮುಚ್ಚಿಕೊಂಡು, ಎಲೆಗಳನ್ನು ಇಳಿಬಿಟ್ಟು ಬಿಸಿಲಿಗೆ ಸಿಗುವ ಮೈಯನ್ನು ಕಡಿಮೆ ಮಾಡಿಕೊಳ್ಳುತ್ತದೆ. ಸಂಜೆ ತಂಪಾದ ಮೇಲೆ ತಾನಾಗಿಯೇ ಎದ್ದು ನಿಲ್ಲುತ್ತದೆ.

ಇವೆರಡನ್ನು ಬೇರ್ಪಡಿಸಿ ತಿಳಿಯುವುದು ಹೇಗೆ? ಗಿಡವನ್ನು ಮಧ್ಯಾಹ್ನ ನೋಡಬೇಡಿ, ಬೆಳಿಗ್ಗೆ ಆರು ಗಂಟೆಗೆ ನೋಡಿ. ರಾತ್ರಿಯೆಲ್ಲ ತಂಪಿನಲ್ಲಿದ್ದೂ ಬೆಳಿಗ್ಗೆ ಎಲೆ ಜೋತೇ ಇದ್ದರೆ ಮಣ್ಣಿನಲ್ಲಿ ನೀರಿಲ್ಲವೆಂದೋ, ಬೇರಿಗೆ ತೊಂದರೆಯಾಗಿದೆಯೆಂದೋ ಅರ್ಥ. ಸಂದೇಹವಿದ್ದರೆ ತೋರುಬೆರಳನ್ನು ಎರಡು ಗೆಣ್ಣಿನ ಆಳಕ್ಕೆ ಮಣ್ಣಿಗೆ ಇಳಿಸಿ. ತೇವ ತಗುಲಿ ಮಣ್ಣು ಬೆರಳಿಗೆ ಅಂಟಿದರೆ ಆ ದಿನ ನೀರು ಬೇಡ.

ತೇವವಿರುವ ಕುಂಡಕ್ಕೆ ಮಧ್ಯಾಹ್ನದ ಕನಿಕರದಿಂದ ಮತ್ತೆ ಮತ್ತೆ ನೀರು ಸುರಿದರೆ ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗವೆಲ್ಲ ನೀರು ತುಂಬುತ್ತದೆ. ಬೇರಿಗೂ ಉಸಿರಾಟವಿದೆ, ಗಾಳಿ ಸಿಗದೆ ಅದು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು. ಆದ್ದರಿಂದ ಗಿಡ ಇನ್ನಷ್ಟು ಬಾಡುತ್ತದೆ. ಅದನ್ನು ಕಂಡು ನೀವು ಇನ್ನಷ್ಟು ನೀರು ಹಾಕುತ್ತೀರಿ. ಕುಂಡದ ಗಿಡಗಳು ಬೇಸಿಗೆಯಲ್ಲಿ ಸಾಯುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ನೀರು ಯಾವಾಗ ಹಾಕಬೇಕು?

"ಬಿಸಿಲಿನಲ್ಲಿ ಎಲೆಯ ಮೇಲೆ ನೀರು ಬಿದ್ದರೆ ಹನಿಗಳು ಭೂತಗನ್ನಡಿಯಂತೆ ಕೆಲಸ ಮಾಡಿ ಎಲೆ ಸುಟ್ಟುಹೋಗುತ್ತದೆ" ಎಂಬ ಮಾತನ್ನು ನೀವು ಕೇಳಿರಬಹುದು. ಹಂಗೆರಿಯ ವಿಜ್ಞಾನಿಗಳು ಇದನ್ನು ಪ್ರಯೋಗ ಮಾಡಿ ನೋಡಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಾಜಿನ ಗುಂಡುಗಳನ್ನು ಎಲೆಯ ಮೇಲಿಟ್ಟಾಗ ಎಲೆ ಸುಟ್ಟಿತು. ಆದರೆ ನುಣುಪಾದ ಎಲೆಯ ಮೇಲಿನ ನೀರಿನ ಹನಿಗಳಿಂದ ಸುಡಲಿಲ್ಲ. ಹನಿ ಎಲೆಗೆ ಅಂಟಿಕೊಂಡು ಚಪ್ಪಟೆಯಾಗಿ ಕೂರುವುದರಿಂದ ಬೆಳಕು ಎಲೆಯ ಮೇಲೆಯೇ ಒಂದು ಬಿಂದುವಿಗೆ ಕೂಡುವುದಿಲ್ಲ. ಹನಿಯನ್ನು ಮೇಲೆತ್ತಿ ಹಿಡಿಯುವ ರೋಮಗಳುಳ್ಳ ಎಲೆಗಳಲ್ಲಿ ಮಾತ್ರ ಸುಡುವ ಸಾಧ್ಯತೆ ಕಂಡಿತು.

ಹಾಗಾದರೆ ಮಧ್ಯಾಹ್ನ ನೀರು ಹಾಕಬಹುದೆ? ಬೇಡ. ಕಾರಣ ಬೇರೆ. ಮೊದಲನೆಯದಾಗಿ, ಹಾಕಿದ ನೀರಿನ ಒಂದು ಪಾಲು ಬೇರಿಗೆ ಇಳಿಯುವ ಮುನ್ನವೇ ಆವಿಯಾಗುತ್ತದೆ. ಎರಡನೆಯದಾಗಿ, ತಾರಸಿಯ ಮೇಲಿನ ತೊಟ್ಟಿಯ ನೀರು, ಬಿಸಿಲಿನಲ್ಲಿ ಬಿದ್ದಿದ್ದ ಪೈಪಿನ ನೀರು ಆ ಹೊತ್ತಿಗೆ ಕೈಸುಡುವಷ್ಟು ಕಾದಿರುತ್ತದೆ. ಎಳೆಯ ಬೇರಿಗೆ ಅದು ಅಪಾಯ.

ಬೆಳಿಗ್ಗೆ ಸೂರ್ಯ ಮೇಲೇರುವ ಮುನ್ನ ನೀರು ಹಾಕುವುದು ಉತ್ತಮ. ನೀರು ಕೆಳಗಿಳಿಯಲು ಸಮಯ ಸಿಗುತ್ತದೆ, ಗಿಡ ತುಂಬಿದ ಜೀವಕೋಶಗಳೊಡನೆ ಬಿಸಿಲನ್ನು ಎದುರಿಸುತ್ತದೆ. ಬೆಳಿಗ್ಗೆ ಸಾಧ್ಯವಾಗದಿದ್ದರೆ ಸಂಜೆ ಹಾಕಬಹುದು. ಆಗ ನೀರು ಬುಡಕ್ಕೆ ಮಾತ್ರ ಬೀಳಲಿ. ರಾತ್ರಿಯಿಡೀ ಒದ್ದೆಯಾಗಿರುವ ಎಲೆಗಳಿಗೆ ಶಿಲೀಂಧ್ರ ರೋಗಗಳು ಬೇಗ ಅಂಟುತ್ತವೆ.

ಎಷ್ಟು ನೀರು? ಯಾರ ನೀರು?

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಇದನ್ನು ನೆನಪಿಡಿ, ಮಳೆಯ ಲೆಕ್ಕಕ್ಕೂ ತೋಟದ ಲೆಕ್ಕಕ್ಕೂ ಇದೇ ಕೀಲಿಕೈ. ಬಿರುಬೇಸಿಗೆಯ ಒಂದು ದಿನದಲ್ಲಿ ಮಣ್ಣು ಮತ್ತು ಗಿಡ ಸೇರಿ ಸುಮಾರು 5 ಮಿಲಿಮೀಟರ್ ನೀರು ಕಳೆದುಕೊಳ್ಳುತ್ತವೆ ಎಂದು ಹಿಡಿಯೋಣ. ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಒಂದು ಹೂವಿನ ಪಾತಿ ಸುಮಾರು 2.8 ಚದರ ಮೀಟರ್. ಅದಕ್ಕೆ ದಿನಕ್ಕೆ ಬೇಕಾದದ್ದು 14 ಲೀಟರ್, ಅಂದರೆ ಹೆಚ್ಚುಕಡಿಮೆ ಒಂದು ಬಕೆಟ್.

ಈಗ ಪೈಪಿನ ಲೆಕ್ಕ ನೋಡಿ. ನಿಮ್ಮ ಮನೆಯ ಪೈಪಿನಿಂದ 15 ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ಅಳೆಯಿರಿ. ಒಂದು ನಿಮಿಷ ಎಂದಾದರೆ, ಗೆಳೆಯರೊಡನೆ ಮಾತಾಡುತ್ತಾ ಹತ್ತು ನಿಮಿಷ ಪೈಪು ಹಿಡಿದು ನಿಂತ ದಿನ ನೀವು ಸುರಿದದ್ದು ಹತ್ತು ಬಕೆಟ್. ಗಿಡಕ್ಕೆ ಬೇಕಾಗಿದ್ದುದು ಒಂದು!

ಈ ಲೆಕ್ಕ ಏಕೆ ಮುಖ್ಯ? ಮೈಸೂರು ಕುಡಿಯುವುದು ಕಾವೇರಿ ಮತ್ತು ಕಬಿನಿ ನದಿಗಳ ನೀರು. ಅದೇ ನೀರು ಹೊಲಗಳಿಗೂ ಬೇಕು, ಬೇರೆ ಊರುಗಳಿಗೂ ಬೇಕು. 2023ರಲ್ಲಿ ಮುಂಗಾರು ಕೈಕೊಟ್ಟಾಗ ಕರ್ನಾಟಕದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಅದರ ಮುಂದಿನ ಬೇಸಿಗೆಯಲ್ಲಿ, 2024ರ ಮಾರ್ಚ್‌ನಲ್ಲಿ, ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ವಾಹನ ತೊಳೆಯಲು, ಕಾರಂಜಿಗಳಿಗೆ, ಕೈತೋಟಕ್ಕೆ ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಕೊಡ ಹಿಡಿದು ಟ್ಯಾಂಕರಿಗೆ ಕಾಯುವವರ ಎದುರಿನಲ್ಲಿ ಗುಲಾಬಿಗೆ ನೀರು ಬಿಡುವುದು ಸರಿಯೆ ಎಂದು ಯಾರಾದರೂ ಕೇಳಿದರೆ ನಿಮ್ಮಲ್ಲಿ ಉತ್ತರವಿರಬೇಕು.

ಉತ್ತರ ಅಡುಗೆಮನೆಯಲ್ಲಿದೆ. ಅಕ್ಕಿ, ಬೇಳೆ, ತರಕಾರಿ, ಸೊಪ್ಪು ತೊಳೆದ ನೀರನ್ನು ಒಂದು ಬಕೆಟ್ಟಿನಲ್ಲಿ ಕೂಡಿಸಿ ನೋಡಿ. ನಾಲ್ಕು ಜನರ ಮನೆಯಲ್ಲಿ ಆ ಪಾತಿಗೆ ಬೇಕಾದ ನೀರಿನ ದೊಡ್ಡ ಪಾಲು ಅಲ್ಲಿಯೇ ಸಿಗುತ್ತದೆ. ನೀರು ಶುದ್ಧೀಕರಿಸುವ ಯಂತ್ರವಿದ್ದರೆ ಅದು ಹೊರಚೆಲ್ಲುವ ನೀರಿನಲ್ಲಿ ಲವಣಾಂಶ ಹೆಚ್ಚಿರುವುದರಿಂದ ಬೇರೆ ನೀರಿನೊಡನೆ ಬೆರೆಸಿ ಹಾಕಿ. ಬಟ್ಟೆ ಒಗೆದ ನೀರಿನಲ್ಲಿ ಕೊನೆಯ ಜಾಲಾಡಿದ ನೀರನ್ನು ಮಾತ್ರ, ದಾಸವಾಳ, ಕಣಗಿಲೆಯಂತಹ ಗಟ್ಟಿ ಗಿಡಗಳಿಗೆ, ಆಗಾಗ ಹಾಕಬಹುದು. ಸಾಬೂನಿನ ಸೋಡಿಯಂ ಮಣ್ಣಿನಲ್ಲಿ ಸೇರುತ್ತಾ ಹೋದರೆ ನಮ್ಮ ಕೆಂಪು ಮಣ್ಣು ಗಟ್ಟಿಯಾಗಿ ನೀರು ಇಂಗುವುದೇ ನಿಂತುಹೋಗುತ್ತದೆ.

ಇನ್ನೊಂದು ವಿಷಯ. ದಿನವೂ ಚಿಮುಕಿಸುವುದಕ್ಕಿಂತ ಎರಡು ದಿನಕ್ಕೊಮ್ಮೆ ಎರಡು ದಿನದ ನೀರನ್ನು ನಿಧಾನವಾಗಿ, ಬುಡದ ಸುತ್ತ ಪಾತಿ ಕಟ್ಟಿ ಇಂಗಿಸುವುದು ಮೇಲು. ಚಿಮುಕಿಸಿದ ನೀರು ಮೇಲಿನ ಒಂದಂಗುಲ ಮಣ್ಣನ್ನು ಮಾತ್ರ ನೆನೆಸುತ್ತದೆ. ಬೇರುಗಳೂ ಅಲ್ಲಿಯೇ, ಮಣ್ಣು ಅತಿ ಹೆಚ್ಚು ಕಾಯುವಲ್ಲಿಯೇ ಹರಡಿಕೊಳ್ಳುತ್ತವೆ. ಆಳಕ್ಕೆ ಇಂಗಿದರೆ ಬೇರೂ ಆಳಕ್ಕೆ ಹೋಗುತ್ತದೆ. ಬೀದಿಯ ಹೊಂಗೆಮರವನ್ನು ನೋಡಿ. ಹದವಾದ ಮಳೆ ಬೀಳುವ ಮೊದಲೇ ಅದು ಎಳೆ ಹಸಿರು ಚಿಗುರನ್ನು ತಳೆದು ನಿಂತಿರುತ್ತದೆ. ಯಾರೂ ಅದಕ್ಕೆ ನೀರು ಹಾಕುವುದಿಲ್ಲ. ಅದರ ಬೇರು ನೀರಿರುವ ಕಡೆಗೆ ಇಳಿದಿದೆ, ಅಷ್ಟೆ. ಕುಂಡಗಳಿಗೆ ಮಾತ್ರ ಈ ಅನುಕೂಲವಿಲ್ಲ. ಅವುಗಳ ಮಣ್ಣು ಕಡಿಮೆ. ಬಿಸಿಲಿನ ದಿನಗಳಲ್ಲಿ ದಿನವೂ ಬೆರಳಿಟ್ಟು ನೋಡಿ, ತಳದ ತೂತಿನಿಂದ ಸ್ವಲ್ಪ ನೀರು ಹೊರಬರುವವರೆಗೆ ಹಾಕಬೇಕು.

ಮಣ್ಣಿಗೊಂದು ಹೊದಿಕೆ

ಬರಿ ನೆಲ ಬಿಸಿಲಿಗೆ ಕಾದು ನೀರನ್ನು ನೇರವಾಗಿ ಗಾಳಿಗೆ ಕೊಡುತ್ತದೆ. ಇದನ್ನು ತಡೆಯಲು ದುಡ್ಡು ಬೇಡ. ಬೇಸಿಗೆಯ ಆರಂಭದಲ್ಲಿ ಬೀದಿಗಳಲ್ಲಿ ಹೊಂಗೆ ಮುಂತಾದ ಮರಗಳ ಎಲೆ ರಾಶಿರಾಶಿಯಾಗಿ ಉದುರುತ್ತದೆ. ಅದನ್ನು ಗುಡಿಸಿ ಮೂಲೆಯಲ್ಲಿ ಬೆಂಕಿ ಇಡುವುದನ್ನು ನೀವು ನೋಡಿದ್ದೀರಿ. ಸುಡಬೇಡಿ. ಒಂದು ಗೋಣಿಚೀಲದಲ್ಲಿ ತುಂಬಿ ತಂದು ಪಾತಿಯ ಮೇಲೆ ಎರಡು ಮೂರು ಅಂಗುಲ ದಪ್ಪ ಹರಡಿ. ತೆಂಗಿನ ನಾರು, ಒಣಹುಲ್ಲು, ಒಣಗಿದ ಕಳೆ ಯಾವುದಾದರೂ ಆದೀತು. ಕಾಂಡಕ್ಕೆ ಮಾತ್ರ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಇಲ್ಲದಿದ್ದರೆ ತೇವಕ್ಕೆ ಬುಡ ಕೊಳೆಯಬಹುದು, ಗೆದ್ದಲೂ ಬರಬಹುದು. ಹೊದಿಕೆಯ ಕೆಳಗೆ ಮಣ್ಣು ತಂಪಾಗಿರುತ್ತದೆ, ಕಳೆ ಹುಟ್ಟುವುದಿಲ್ಲ. ಮಳೆ ಬಂದ ಮೇಲೆ ಅದೇ ಕೊಳೆತು ಗೊಬ್ಬರವಾಗುತ್ತದೆ.

ಇನ್ನೊಂದು ಹಳೆಯ ಉಪಾಯ ಮಡಕೆಯದು. ಮೆರುಗು ಹಚ್ಚದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಗಿಡದ ಪಕ್ಕದಲ್ಲಿ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳ ಇಡಬೇಕು. ಸುತ್ತಲ ಮಣ್ಣು ಒಣಗಿದಾಗ ಮಡಕೆಯ ಗೋಡೆಯಿಂದ ನೀರು ಜಿನುಗುತ್ತದೆ. ಮಣ್ಣು ನೆನೆದಾಗ ಜಿನುಗುವುದು ನಿಧಾನವಾಗುತ್ತದೆ. ಗಿಡ ತನಗೆ ಬೇಕಾದಷ್ಟನ್ನು ತಾನೇ ಕೇಳಿ ಪಡೆದಂತೆ. ಚೀನಾದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಫಾನ್ ಶೆಂಗ್‌ಜಿ ಎಂಬ ಕೃಷಿ ಪಂಡಿತ ಈ ವಿಧಾನವನ್ನು ಬರೆದಿಟ್ಟಿದ್ದಾನೆ. ನಮ್ಮ ಮೈಸೂರಿನ ಕುಂಬಾರಗೇರಿಯ ಹೆಸರೇ ಹೇಳುವಂತೆ, ಮಡಕೆ ನಮಗೇನೂ ಹೊಸದಲ್ಲ. ಒಂದು ವಾರ ಊರಿಗೆ ಹೋಗುವುದಿದ್ದರೆ ಈ ಉಪಾಯ ಬಹಳ ಉಪಯುಕ್ತ.

ಕುಂಡಗಳನ್ನು ಬಿಡಿಬಿಡಿಯಾಗಿ ಇಡದೆ ಗುಂಪಾಗಿ ಕೂಡಿಸಿ. ಒಂದರ ನೆರಳು ಇನ್ನೊಂದಕ್ಕೆ ಬೀಳುತ್ತದೆ. ಕಾದ ಸಿಮೆಂಟಿನ ಮೇಲೆ ನೇರವಾಗಿ ಇಡದೆ ಇಟ್ಟಿಗೆಯ ಮೇಲೆ ಇಡಿ. ಕಪ್ಪು ಪ್ಲಾಸ್ಟಿಕ್ ಕುಂಡದ ಗೋಡೆ ಬಿಸಿಲಿಗೆ ಬೇಗ ಕಾಯುತ್ತದೆ. ಅದಕ್ಕೆ ಗೋಣಿತಾಟು ಸುತ್ತಿ. ಪಡುವಣ ಬಿಸಿಲು ಬಡಿಯುವ ಕಡೆಗೆ ಹಳೆಯ ಹತ್ತಿ ಸೀರೆಯನ್ನೋ ಪಂಚೆಯನ್ನೋ ಹಗ್ಗಕ್ಕೆ ಕಟ್ಟಿದರೆ ಅದೇ ಚಪ್ಪರ.

ಉಪ್ಪಿನಕಾಯಿ ಕಲಿಸುವ ಪಾಠ

ಗಿಡ ಸೊರಗಿದೆಯೆಂದು ಬಿರುಬೇಸಿಗೆಯಲ್ಲಿ ರಾಸಾಯನಿಕ ಗೊಬ್ಬರ ಹಾಕುವವರುಂಟು. ಅದೇ ಕಾಲಕ್ಕೆ ನಿಮ್ಮ ಮನೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕುತ್ತಿರುತ್ತಾರೆ. ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಜಾಡಿಯಲ್ಲಿ ನೀರು ಬಿಟ್ಟುಕೊಂಡು, ಹೋಳು ಸುಕ್ಕುಗಟ್ಟಿರುತ್ತದೆ. ಹೊರಗೆ ಲವಣ ಹೆಚ್ಚಿದ್ದುದರಿಂದ ಒಳಗಿನ ನೀರು ಹೊರಗೆ ಬಂತು. ಇದು ಅಭಿಸರಣೆ. ಒಣಗಿದ ಮಣ್ಣಿಗೆ ಗೊಬ್ಬರ ಹಾಕಿದಾಗ ಬೇರಿಗೆ ಆಗುವುದೂ ಇದೇ. ನೀರು ಹೀರುವುದು ಅದಕ್ಕೆ ಇನ್ನಷ್ಟು ಕಷ್ಟವಾಗುತ್ತದೆ. ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ. ಆದ್ದರಿಂದ ಈ ದಿನಗಳಲ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದೊಂದು ಹಿಡಿ ಸಾಕು. ಉಳಿದದ್ದು ಮಳೆ ಬಂದ ಮೇಲೆ.

ಒಣ ಬಿಸಿಲಿನಲ್ಲಿ ಹೆಚ್ಚುವ ಶತ್ರುಗಳೆಂದರೆ ಜೇಡನುಸಿ ಮತ್ತು ಹಿಟ್ಟುತಿಗಣೆ. ಗುಲಾಬಿಯ ಎಲೆಯ ಮೇಲೆ ಸೂಜಿಮೊನೆಯಷ್ಟು ಹಳದಿ ಚುಕ್ಕೆಗಳು, ಅಡಿಯಲ್ಲಿ ಸೂಕ್ಷ್ಮ ಬಲೆ ಕಂಡರೆ ಅದು ನುಸಿ. ಬೆಳಗಿನ ಹೊತ್ತು ಎಲೆಯ ಅಡಿಭಾಗಕ್ಕೆ ನೀರು ಎರಚಿ ತೊಳೆದರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ದಾಸವಾಳದ ಕುಡಿಯಲ್ಲಿ ಹತ್ತಿಯಂತಹ ಬಿಳಿ ಹಿಟ್ಟು ಕಂಡರೆ ಆ ಕುಡಿಯನ್ನು ಕತ್ತರಿಸಿ ತೆಗೆಯಿರಿ. ಬೇಕಾದರೆ ಒಂದು ಲೀಟರ್ ನೀರಿಗೆ 3ರಿಂದ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಕೆಲವು ಹನಿ ಸಾಬೂನಿನ ದ್ರಾವಣದೊಡನೆ ಕದಡಿ, ಬಿಸಿಲು ಇಳಿದ ಮೇಲೆ ಸಿಂಪಡಿಸಿ.

ಯಾವ ಹೂವಿಗೆ ಏನು ಬೇಕು?

ಎಲ್ಲ ಗಿಡಗಳಿಗೂ ಬೇಸಿಗೆ ಕಷ್ಟಕಾಲವೇ? ಅಲ್ಲ. ಮಲ್ಲಿಗೆಗೆ ಇದು ಸುಗ್ಗಿ. ಚಳಿಗಾಲದಲ್ಲಿ ಗಿಡವನ್ನು ಸವರಿ, ಕೆಲವು ದಿನ ನೀರು ತಡೆದು, ಅನಂತರ ಗೊಬ್ಬರ ನೀರು ಕೊಟ್ಟರೆ ಮಾರ್ಚ್‌ನಿಂದ ಮೊಗ್ಗು ತುಂಬಿಕೊಳ್ಳುತ್ತದೆ. ಬಿಸಿಲು ಬಲಿತಷ್ಟೂ ಹೂ ಹೆಚ್ಚು. ಅದಕ್ಕೆ ನೆರಳು ಕಟ್ಟಬೇಡಿ; ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಮೊಗ್ಗಿನ ಕಾಲದಲ್ಲಿ ನೀರು ತಪ್ಪಬಾರದು, ಅತಿಯಾದರೆ ಎಲೆಯೇ ಹೆಚ್ಚುತ್ತದೆ. ಒಂದು ಸುತ್ತು ಹೂ ಮುಗಿದ ಕೂಡಲೇ ಆ ರೆಂಬೆಯ ತುದಿಯನ್ನು ಲಘುವಾಗಿ ಚಿವುಟಿದರೆ ಪಕ್ಕದಲ್ಲಿ ಹೊಸ ಕುಡಿ, ಅದರಲ್ಲಿ ಮತ್ತೆ ಮೊಗ್ಗು.

ಸೇವಂತಿಗೆಯ ಸ್ವಭಾವ ಇದಕ್ಕೆ ವಿರುದ್ಧ. ಅದು ರಾತ್ರಿ ಉದ್ದವಾದಾಗ ಹೂ ಬಿಡುವ ಗಿಡ. ಹಗಲು ದೊಡ್ಡದಾಗಿರುವ ಈ ಕಾಲದಲ್ಲಿ ಅದರಿಂದ ಹೂ ಬಯಸಬೇಡಿ. ತಾಯಿಗಿಡವನ್ನು ಅರೆನೆರಳಿನಲ್ಲಿ ಉಳಿಸಿಕೊಳ್ಳಿ. ಬುಡದ ಮರಿಗಳನ್ನು ಮೇ, ಜೂನ್‌ನಲ್ಲಿ ಬಿಡಿಸಿ ನೆಟ್ಟರೆ ಆಯುಧಪೂಜೆ, ದೀಪಾವಳಿಯ ಹೊತ್ತಿಗೆ ಹೂ ಸಿಗುತ್ತದೆ.

ಗುಲಾಬಿಯ ಹೂ ಈಗ ಚಿಕ್ಕದಾಗುತ್ತದೆ, ಬಣ್ಣ ಬೇಗ ಮಾಸುತ್ತದೆ. ಒಣಗಿದ ಹೂವನ್ನು ತೆಗೆಯಿರಿ. ರೆಂಬೆಗಳನ್ನು ಗಿಡ್ಡವಾಗಿ ಸವರಬೇಡಿ, ಎಲೆಯ ನೆರಳೇ ಕಾಂಡಕ್ಕೆ ರಕ್ಷಣೆ. ಕನಕಾಂಬರಕ್ಕೆ ಅರೆನೆರಳು ಹಿತ. ದಾಸವಾಳ ಒಂದು ದಿನ ಒಣಗಿ ಮರುದಿನ ನೆನೆಯುವ ಏರುಪೇರಿಗೆ ಮೊಗ್ಗುದುರಿಸುತ್ತದೆ. ಅದಕ್ಕೆ ಬೇಕಾದದ್ದು ಕ್ರಮ. ನಂದಿಬಟ್ಟಲು, ಕಣಗಿಲೆ ಬೇರೂರಿದ ಮೇಲೆ ಬಹಳ ತಾಳಿಕೆಯವು. ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಟೇಬಲ್ ರೋಸ್ ಬಿಸಿಲಿಲ್ಲದಿದ್ದರೆ ಕಣ್ಣೇ ತೆರೆಯುವುದಿಲ್ಲ.

ನೀವೇ ಮಾಡಿ ನೋಡಿ

ಬೇಕಾದ ಸಾಮಗ್ರಿ: ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಕುಂಡಗಳಲ್ಲಿ ಒಂದೇ ಜಾತಿಯ, ಒಂದೇ ಎತ್ತರದ ಎರಡು ಗಿಡ, ಎರಡು ಪ್ಲಾಸ್ಟಿಕ್ ಚೀಲ, ದಾರ, ಅಡುಗೆಮನೆಯ ತಕ್ಕಡಿ, ಉಷ್ಣತಾಮಾಪಕ.

ಸಂಜೆ ಎರಡೂ ಕುಂಡಗಳಿಗೆ ನೀರು ಹಾಕಿ. ಮರುದಿನ ಬೆಳಿಗ್ಗೆ ಹೇಲ್ಸ್ ಸೀಸದ ತಗಡಿನಿಂದ ಮುಚ್ಚಿದಂತೆ ಕುಂಡಗಳನ್ನು ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ, ಚೀಲದ ಬಾಯಿಯನ್ನು ಕಾಂಡದ ಸುತ್ತ ಕಟ್ಟಿ. ಈಗ ನೀರು ಹೋಗಲು ಎಲೆಯೊಂದೇ ದಾರಿ. ಎರಡನ್ನೂ ತೂಗಿ ಬರೆದುಕೊಳ್ಳಿ. ಒಂದನ್ನು ಬಿಸಿಲಿನಲ್ಲಿ, ಒಂದನ್ನು ಹಳೆಯ ಸೀರೆಯ ನೆರಳಿನಲ್ಲಿ ಇಡಿ. ಸಂಜೆ ಆರಕ್ಕೆ ಮತ್ತೆ ತೂಗಿ. ಕಡಿಮೆಯಾದ ಪ್ರತಿ ಗ್ರಾಂ ಕೂಡ ಒಂದು ಮಿಲಿಲೀಟರ್ ನೀರು. ಮಧ್ಯಾಹ್ನದ ಉಷ್ಣತೆಯನ್ನೂ ಬರೆದಿಟ್ಟು ಐದು ದಿನ ಮುಂದುವರಿಸಿ. ಚೀಲವನ್ನು ಪ್ರತಿ ಸಂಜೆ ಬಿಚ್ಚಿ, ಕಡಿಮೆಯಾದಷ್ಟೇ ನೀರನ್ನು ಮರಳಿ ಹಾಕಬೇಕು. ರಜೆ ಮುಗಿದು ಶಾಲೆ ತೆರೆದಾಗ ನಿಮ್ಮ ಕೈಯಲ್ಲಿ ನಿಮ್ಮದೇ ಅಂಗಳದ ಅಂಕಿ ಅಂಶ ಇರುತ್ತದೆ.

ಅಂಗಳ ಉಳಿದರೆ ಮಲ್ಲಿಗೆ

ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆಗಳ ಜೊತೆಗೆ ಮೈಸೂರು ಮಲ್ಲಿಗೆಗೂ 2007-08ರ ಸುಮಾರಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಈ ಮಣ್ಣು ಹವೆಗಳಿಗೆ ಸೇರಿದ ಹೂವು ಇದು ಎಂಬುದಕ್ಕೆ ಕಾನೂನಿನ ಒಪ್ಪಿಗೆ ಅದು. ಆದರೆ ನಗರ ಬೆಳೆದಂತೆ ಸುತ್ತಮುತ್ತ ಅದನ್ನು ಬೆಳೆಯುವ ನೆಲ ಬಹಳ ಕುಗ್ಗಿದೆ. ದೇವರಾಜ ಮಾರುಕಟ್ಟೆಯಲ್ಲಿ ಮೊಳದ ಲೆಕ್ಕದಲ್ಲಿ ಕೊಳ್ಳುವ ಮಲ್ಲಿಗೆಯೆಲ್ಲವೂ ಮೈಸೂರಿನದೇ ಆಗಿರಬೇಕಿಲ್ಲ. ಚಾಮರಾಜಪುರಂನಂತಹ ಹಳೆಯ ಬಡಾವಣೆಗಳಲ್ಲಿಯೂ ಮನೆಗಳು ಎತ್ತರವಾಗುತ್ತಿವೆ, ಅಂಗಳಗಳಿಗೆ ಸಿಮೆಂಟು ಬೀಳುತ್ತಿದೆ. ಸಿಮೆಂಟಿನ ಅಂಗಳ ಹಗಲೆಲ್ಲ ಕಾದು ಸಂಜೆಯಾದರೂ ಬಿಸಿ ಬಿಡುತ್ತಿರುತ್ತದೆ. ಅದರ ಮೇಲೆ ಬಿದ್ದ ಮಳೆ ಇಂಗದೆ ಚರಂಡಿಗೆ ಹೋಗುತ್ತದೆ. "ಗಿಡ ನೋಡಿಕೊಳ್ಳಲು ಯಾರಿದ್ದಾರೆ, ನೀರೆಲ್ಲಿದೆ?" ಎಂಬುದೇ ಸಿಮೆಂಟು ಹಾಕಿಸುವವರು ಹೇಳುವ ಕಾರಣ. ಹತ್ತು ಅಡಿಯ ಪಾತಿಗೆ ದಿನಕ್ಕೊಂದು ಬಕೆಟ್ ಸಾಕು, ಅದರ ದೊಡ್ಡ ಪಾಲು ಅಕ್ಕಿ ತೊಳೆದ ನೀರೇ ಆಗಬಹುದು ಎಂದು ನೀವು ಲೆಕ್ಕ ತೋರಿಸಬಲ್ಲಿರಾದರೆ ಆ ಮಾತಿಗೆ ಉತ್ತರ ಸಿಕ್ಕಿತು. ಒಂದು ಮಲ್ಲಿಗೆ ಪೊದೆ ಉಳಿಯುವುದೋ ಹೋಗುವುದೋ ಎಂಬುದು ಎಷ್ಟೋ ಮನೆಗಳಲ್ಲಿ ಈ ಉತ್ತರದ ಮೇಲೆ ನಿಂತಿದೆ.

ಮೈಸೂರಿನ ಬೇಸಿಗೆ ಕೊನೆಯವರೆಗೂ ಒಣಗಿಯೇ ಇರುವುದಿಲ್ಲ ಎಂಬುದು ನಮ್ಮ ಅದೃಷ್ಟ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ಹಿರಿಯರಿಂದ ಕೇಳಿರುತ್ತೀರಿ. ಏಪ್ರಿಲ್ ಕೊನೆಯಿಂದ ಜೂನ್ ಮೊದಲವರೆಗೆ ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳ ಕಾಲ. ಸಂಜೆ ಗುಡುಗಿ, ಧೂಳೆಬ್ಬಿಸಿ, ಅರ್ಧ ಗಂಟೆ ಸುರಿದು ಹೋಗುವ ಈ ಮಳೆಗಳಿಂದಾಗಿ ಮೇ ತಿಂಗಳು ಮೈಸೂರಿನಲ್ಲಿ ಒಳ್ಳೆಯ ಮಳೆಯ ತಿಂಗಳುಗಳಲ್ಲೊಂದು. ಅಂತಹ ಸಂಜೆ ತಾರಸಿಯ ಕೊಳವೆಯ ಕೆಳಗೆ ಡ್ರಮ್ ಇಡಲು ಮರೆಯಬೇಡಿ. ನೀರು ಕೂಡಿಟ್ಟರೆ ಮುಚ್ಚಿಡಿ, ಸೊಳ್ಳೆ ಮೊಟ್ಟೆಯಿಡದಿರಲಿ. ಮರುದಿನ ಬೆಳಿಗ್ಗೆ ನೀರು ಹಾಕುವ ಮುನ್ನ ಮಣ್ಣಿಗೆ ಬೆರಳಿಟ್ಟು ನೋಡಿ.

ಜೂನ್ ಬಂದು ಹವೆ ತಂಪಾದಾಗ ನಿಮ್ಮ ಮಲ್ಲಿಗೆಯ ಒಂದು ಬಗ್ಗಿದ ರೆಂಬೆಯನ್ನು ನೆಲಕ್ಕೆ ತಾಗಿಸಿ, ಗೆಣ್ಣಿನ ಮೇಲೆ ಒಂದು ಹಿಡಿ ಮಣ್ಣು ಮುಚ್ಚಿ, ಮೇಲೊಂದು ಕಲ್ಲಿಡಿ. ಕೆಲವು ವಾರಗಳಲ್ಲಿ ಅಲ್ಲಿ ಬೇರು ಬರುತ್ತದೆ. ಅದನ್ನು ಕತ್ತರಿಸಿ ಪಕ್ಕದ ಮನೆಯವರಿಗೆ ಕೊಡಿ. ಕೊಡುವಾಗ ಈ ನೀರಿನ ಲೆಕ್ಕವನ್ನೂ ಹೇಳಿಕೊಡಿ.